ಉದ್ದ ಗಡ್ಡದವರೆಲ್ಲ ಶಾ ಅಲ್ಲ

ಪ್ರಶ್ನೆ: ಹರಾಜಿನ ಕ್ಯಾಟಲಾಗ್ ಒಂದರಲ್ಲಿ ಪರ್ಷಿಯಾದ ಹಳೆಯ ತೈಲಚಿತ್ರ ನೋಡಿದೆ. ಸೊಂಟದವರೆಗೆ ಕಪ್ಪು ಗಡ್ಡ, ತಲೆಗೆ ಕಪ್ಪು ಟೋಪಿ, ಮೈತುಂಬ ಮುತ್ತು. ‘ರಾಜಮನೆತನದ ವ್ಯಕ್ತಿ, ಸುಮಾರು 1815’ ಅಂತಷ್ಟೇ ಬರೆದಿದ್ದಾರೆ. ಇದು ಫತ್ ಅಲಿ ಶಾ ತಾನೇ?

ಉತ್ತರ: ಇರಬಹುದು. ಆದರೆ ಗಡ್ಡವೊಂದನ್ನೇ ನಂಬಬೇಡಿ. 1797ರಿಂದ 1834ರವರೆಗೆ ಪರ್ಷಿಯಾದ ಶಾ, ಅಂದರೆ ದೊರೆಯಾಗಿ ಆಳಿದ ಫತ್ ಅಲಿ ಶಾ ತನ್ನ ಗಡ್ಡಕ್ಕೇ ಹೆಸರಾದವನು, ನಿಜ. ಅವನಿಗೆ 50ಕ್ಕೂ ಜಾಸ್ತಿ ಗಂಡುಮಕ್ಕಳಿದ್ದರು ಅನ್ನುವುದೂ ನಿಜ. ಅಪ್ಪನ ಹಾಗೆ ಗಡ್ಡ ಬಿಟ್ಟವರು ಅವರಲ್ಲೂ ಇದ್ದರು. ಸಾಲದ್ದಕ್ಕೆ, ಆಗಿನ ಆಸ್ಥಾನ ಚಿತ್ರಕಾರರು ಮುಖವನ್ನು ಇದ್ದ ಹಾಗೆ ಬರೆಯುತ್ತಿರಲಿಲ್ಲ. ಕೂಡಿದ ಹುಬ್ಬು, ದೊಡ್ಡ ಕಣ್ಣು, ಸಣ್ಣ ನಡು ಎಲ್ಲರಿಗೂ ಒಂದೇ. ಶಾಗೆ ವಯಸ್ಸಾಯಿತು, ಚಿತ್ರದ ಗಡ್ಡ ಮಾತ್ರ ನರೆಯಲಿಲ್ಲ!

ಹಾಗಾಗಿ ಮುಖ ಬಿಟ್ಟು ಒಡವೆ ನೋಡಿ. ಮುತ್ತು ತುಂಬಿದ, ಕಿಯಾನಿ ಎಂಬ ಎತ್ತರದ ರಾಜಕಿರೀಟ ಇದ್ದರೆ ಅದು ಶಾ, ಅನುಮಾನ ಬೇಡ. ನೀವು ನೋಡಿದ ಚಿತ್ರದಲ್ಲಿ ಅದಿಲ್ಲ. ಆದರೆ ಶಾನನ್ನು ಕುರಿಮರಿ ಚರ್ಮದ ಕಪ್ಪು ಟೋಪಿಯಲ್ಲೂ ಬರೆದಿದ್ದಾರೆ. ಆಗ ತೋಳು ನೋಡಬೇಕು. ಹಿಂದಿನ ಪರ್ಷಿಯಾ ದೊರೆ ನಾದಿರ್ ಶಾ 1739ರಲ್ಲಿ ದೆಹಲಿಯಿಂದ ಹೊತ್ತೊಯ್ದ ದರಿಯಾ-ಎ-ನೂರ್ ವಜ್ರವನ್ನು ಫತ್ ಅಲಿ ಶಾ ತೋಳಬಂದಿಯಲ್ಲಿ ಹಾಕಿಕೊಳ್ಳುತ್ತಿದ್ದ. ನಮ್ಮ ಪಕ್ಕದ ಗೋಲ್ಕೊಂಡ ಸೀಮೆಯ ಕಲ್ಲು ಅದು. ದೊಡ್ಡ, ಚಪ್ಪಟೆ, ಆಯತಾಕಾರದ ಕಲ್ಲು ತೋಳಿನ ಮೇಲೆ ಎದ್ದು ಕಾಣುತ್ತದಾ? ಹಾಗಿದ್ದರೆ ನಿಮ್ಮ ಊಹೆಗೆ ಬಲ ಬರುತ್ತದೆ. ಸುಮ್ನೆ ಮುತ್ತಿನ ಪಟ್ಟಿ ಮಾತ್ರ ಇದ್ದರೆ ನಾನು ರಾಜಕುಮಾರ ಅಂತಲೇ ಹೇಳುತ್ತೇನೆ.

ಇನ್ನೊಂದು ಆಧಾರ ಬರಹ. ಮೇಲಿನ ಮೂಲೆಯಲ್ಲಿ, ತಲೆಯ ಪಕ್ಕ, ಪರ್ಷಿಯನ್ ಲಿಪಿಯಲ್ಲಿ ಹೆಸರು ಇರುವುದುಂಟು. ಮಿಹ್ರ್ ಅಲಿಯಂಥ ಚಿತ್ರಕಾರರು ತಮ್ಮ ಹೆಸರು, ಇಸವಿ ಹಾಕುತ್ತಿದ್ದರು. ಇಸವಿ ಹಿಜರಿಯದು, ಅಂದರೆ ಇಸ್ಲಾಮಿ ಪಂಚಾಂಗದ್ದು. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. 1228 ಅಂತಿದ್ದರೆ 1813 ಬರುತ್ತದೆ, ಒಂದು ವರ್ಷ ಆಚೀಚೆ.

ಹೆಸರು ಸಿಕ್ಕಿತು ಅಂತ ಕುಣಿಯುವ ಮುಂಚೆ ಆ ಜಾಗದ ಬಿರುಕು ನೋಡಿ. ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಿದ್ದರೆ ಒಳ್ಳೆಯದು. ಅಕ್ಷರದ ಬಣ್ಣ ಬಿರುಕಿನೊಳಗೆ ಇಳಿದಿದ್ದರೆ ಆಮೇಲೆ ಬರೆದದ್ದು. ಹೆಸರಿದ್ದರೆ ಬೆಲೆ ಏರುತ್ತದಲ್ವಾ, ಅದಕ್ಕೇ ಈ ಕೆಲಸ.

ಎಲ್ಲ ಚಿತ್ರಕ್ಕೂ ಹೆಸರು ಇರಲೇಬೇಕು ಅಂತಿಲ್ಲ. ಮೇಲ್ಭಾಗ ಕಮಾನಿನಂತಿದ್ದರೆ ಅದು ಅರಮನೆಯ ಗೋಡೆಯ ಗೂಡಿಗೆ ಕೂರಿಸಲು ಮಾಡಿದ ಸಾಲುಚಿತ್ರಗಳಲ್ಲಿ ಒಂದಾಗಿರಬಹುದು. ಅಂಥ ಸಾಲಿನಲ್ಲಿ ನರ್ತಕಿಯರು, ಪ್ರೇಮಿಗಳು, ಕಥೆಯ ರಾಜಕುಮಾರರು ಬರುತ್ತಾರೆ. ಅವರನ್ನು ಬರೆಯಲು ನಿಜವಾದ ವ್ಯಕ್ತಿ ಯಾರೂ ಚಿತ್ರಕಾರನ ಎದುರು ಕೂತಿರಬೇಕೆಂದಿಲ್ಲ.

ಹರಾಜಿನವರಿಂದ ಎರಡು ತೋಳಿನ ಮತ್ತು ಮೇಲಿನ ಮೂಲೆಗಳ ಹತ್ತಿರದ ಫೋಟೋ ಕೇಳಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಕ್ಯಾಟಲಾಗ್‌ನ ಮಾತೇ ಸರಿ.