ಗಡ್ಡಪ್ಪನನ್ನು ಓಡಿಸಬೇಡಿ

ಓದುಗರ ಪತ್ರ: ‘ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ನೀವು ಹೊಗಳಿದ್ದೀರೆಂದು ಈ ತಿಂಗಳು “ಘಟಶ್ರಾದ್ಧ”, “ತಿಥಿ”, “ಮಾಲ್ಗುಡಿ ಡೇಸ್‌”ನ ಎಂಟು ಕಂತು ನೋಡಿದೆ. ಎಲ್ಲವನ್ನೂ ಫೋನಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ. ಕತೆ ಪೂರ್ತಿ ಅರ್ಥವಾಯಿತು, ಏನೂ ನಷ್ಟವಾಗಲಿಲ್ಲ. ಅಷ್ಟು ನಿಧಾನ ಯಾಕೆ ಬೇಕಿತ್ತು? ನಿಮ್ಮ ತಲೆಮಾರಿಗೆ ನಿಧಾನವೇ ಕಲೆಯೋ?’ (ಹೆಸರು ಬೇಡವೆಂದಿದ್ದಾರೆ, ತುಮಕೂರು)

ಸಂಪಾದಕರ ಉತ್ತರ: ಸಮಯವಿಲ್ಲ ಎನ್ನುವ ಮಾತನ್ನು ಒಪ್ಪಿದೆ. ಎಲ್ಲದಕ್ಕೂ ನಿಧಾನ ಒಪ್ಪುವುದಿಲ್ಲ ಎನ್ನುವುದನ್ನೂ ಒಪ್ಪಿದೆ. ಅತ್ತೆ ಬಾಗಿಲಲ್ಲಿ ನಿಂತರೆ ಅವಳ ಮುಖವನ್ನು ಮೂರು ಕಡೆಯಿಂದ ಮೂರು ಸಲ ತೋರಿಸಿ ಗುಡುಗು ಹೊಡೆಸುವ ಧಾರಾವಾಹಿಗಳಿವೆಯಲ್ಲ, ಅವನ್ನು ನಾಲ್ಕು ಪಟ್ಟು ವೇಗದಲ್ಲಿ ನೋಡಿದರೂ ನನ್ನ ತಕರಾರಿಲ್ಲ.

ಆದರೆ ನೀವು ಓಡಿಸಿದ್ದು ಯಾರನ್ನು? ‘ತಿಥಿ’ಯ ಗಡ್ಡಪ್ಪನನ್ನು! ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ದಾರಿಗಳಲ್ಲಿ ಬ್ರಾಂದಿ ಬಾಟಲಿ ಹಿಡಿದು ಅಲೆಯುವ ಮುದುಕ ಆತ. ಅಪ್ಪ ಸತ್ತರೂ ಅವಸರವಿಲ್ಲ, ಮಗ ಜಮೀನಿಗಾಗಿ ಬಡಿದಾಡಿದರೂ ಅವಸರವಿಲ್ಲ. ಊರೆಲ್ಲ ಹನ್ನೊಂದನೇ ದಿನದ ತಿಥಿಗೆಂದು ಓಡುತ್ತಿರುವಾಗ ಅವನೊಬ್ಬ ನಡೆಯುತ್ತಾನೆ. ಚಿತ್ರದ ತಮಾಷೆಯೂ ಅದೇ, ತತ್ವವೂ ಅದೇ. ಅವನನ್ನು ಒಂದೂವರೆ ಪಟ್ಟು ವೇಗದಲ್ಲಿ ಬಿಟ್ಟರೆ ಬಸ್ಸು ತಪ್ಪಿಸಿಕೊಂಡ ಗುಮಾಸ್ತನಾಗುತ್ತಾನೆ. ಮೊದಲ ದೃಶ್ಯವನ್ನೇ ನೆನಪಿಸಿಕೊಳ್ಳಿ. ಗಡ್ಡಪ್ಪನ ಅಪ್ಪ, 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈದು, ಉಚ್ಚೆ ಹೊಯ್ಯಲು ಎದ್ದು, ದೊಪ್ಪನೆ ಬೀಳುತ್ತಾನೆ. ಆ ಬೈಗುಳಗಳ ನಡುವೆ ಇರುವ ಬಿಡುವಿನಲ್ಲೇ ನಗು ಇರುವುದು. ನೀವು ಬಿಡುವನ್ನು ತೆಗೆದು ಬೈಗುಳವನ್ನಷ್ಟೇ ಉಳಿಸಿಕೊಂಡಿರಿ.

ಒಂದು ಲೆಕ್ಕ ಹೇಳುತ್ತೇನೆ. ನೂರು ವರ್ಷದ ಹಿಂದಿನ ಎಷ್ಟೋ ಮೂಕಿ ಚಿತ್ರಗಳನ್ನು ಸೆಕೆಂಡಿಗೆ 16 ಅಥವಾ 18 ಚೌಕಟ್ಟಿನಂತೆ ತೆಗೆಯುತ್ತಿದ್ದರು. ಮಾತು ಬಂದಮೇಲೆ 24 ಎಂದು ನಿಗದಿಯಾಯಿತು. ಹಳೆಯದನ್ನು ಹೊಸ ಯಂತ್ರದಲ್ಲಿ ಹಾಗೇ ತೋರಿಸಿದಾಗ ಮನುಷ್ಯರೆಲ್ಲ ಕೋಳಿಗಳ ಹಾಗೆ ಕುಪ್ಪಳಿಸತೊಡಗಿದರು. ಅಂಥದ್ದೊಂದು ತುಣುಕು ನೋಡಿ ನನ್ನ ತಂಗಿಯ ಮಗ ‘ಮಾವ, ಆ ಕಾಲದವರು ಹಿಂಗೇ ನಡೀತಿದ್ರಾ?’ ಎಂದು ಕೇಳಿದ್ದ. 16ಕ್ಕೂ 24ಕ್ಕೂ ಇರುವ ಅಂತರ ಸರಿಯಾಗಿ ಒಂದೂವರೆ ಪಟ್ಟು. ಯಂತ್ರದ ಹೊಂದಾಣಿಕೆಯಿಲ್ಲದೆ ಆಗಿಹೋದ ಅವಘಡವನ್ನು ನೀವು ದುಡ್ಡು ಕೊಟ್ಟು, ಗುಂಡಿ ಒತ್ತಿ ಮಾಡಿಕೊಳ್ಳುತ್ತಿದ್ದೀರಿ.

‘ಘಟಶ್ರಾದ್ಧ’ದ ಬಗ್ಗೆ ನನಗೆ ನಿಜಕ್ಕೂ ಬೇಜಾರಾಯಿತು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದ್ದು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಗೆದ್ದದ್ದು. ಬಸುರಾದ ವಿಧವೆ ಯಮುನಾ ಸಾಯಬೇಕೆಂದು ಹಾವಿನ ಹುತ್ತಕ್ಕೆ ಕೈಹಾಕುತ್ತಾಳಲ್ಲ, ಆ ಕೈ ಒಳಗಿರುವಷ್ಟು ಹೊತ್ತು ನೋಡುವವನ ಉಸಿರೂ ಒಳಗೇ ಇರಬೇಕು. ಅದನ್ನು ಮೊಟಕು ಮಾಡಿದರೆ ಏನೋ ಹುಡುಕಿ ಕೈ ತೆಗೆದಂತಾಗುತ್ತದೆ, ಅಷ್ಟೆ. ‘ಕತೆ ಅರ್ಥವಾಯಿತು’ ಎನ್ನುತ್ತೀರಿ. ಕತೆಯೇ ಸಾಕಾಗಿದ್ದರೆ ಅನಂತಮೂರ್ತಿಯವರು ಬರೆದದ್ದು ಪುಸ್ತಕದಲ್ಲಿತ್ತಲ್ಲ, ಕ್ಯಾಮರಾ ಹೊತ್ತುಕೊಂಡು ಹೋಗುವ ಕಷ್ಟ ಯಾಕೆ ಬೇಕಿತ್ತು?

ಆದರೂ ಪೂರ್ತಿ ನಿಮ್ಮನ್ನೇ ದೂರಲಾರೆ. ನೀವು ಯಾವ ಪ್ರತಿ ನೋಡಿರಬಹುದೆಂದು ಊಹಿಸಬಲ್ಲೆ: ಮಸುಕು ಚಿತ್ರ, ಮೂಲೆಯಲ್ಲಿ ಯಾರದೋ ಮುದ್ರೆ, ಅಗಲಕ್ಕೆ ಎಳೆದು ಉಬ್ಬಿಸಿದ ಮುಖಗಳು. ಅಂಥದ್ದನ್ನು ಬೇಗ ಮುಗಿಸೋಣ ಅನ್ನಿಸುವುದು ಸಹಜ. ಎಷ್ಟೋ ಹಳೆಯ ಕನ್ನಡ ಚಿತ್ರಗಳನ್ನು ಮನೆಯಲ್ಲಿ ಕೂತು ಮರ್ಯಾದೆಯಾಗಿ ನೋಡುವುದು ಕಷ್ಟ. ಇದೇ ಚಿತ್ರದ ಕಲೆ, ಗೀರುಗಳನ್ನೆಲ್ಲ ತೆಗೆದು ಹೊಸತಾಗಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದಕ್ಕೆ ಕೈಜೋಡಿಸಿದವರಲ್ಲಿ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಪ್ರತಿಷ್ಠಾನವೂ ಒಂದು. ನಮ್ಮ ಮಲೆನಾಡಿನ ಅಗ್ರಹಾರದ ಕತ್ತಲೆಯನ್ನು ಅಲ್ಲಿನವರೂ ಕೂತು ಒರೆಸಿದ್ದಾರೆ. ನಾವಿಲ್ಲಿ ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ ಮನೆಗೆ ಹೋಗುತ್ತೇವೆ.

ಇನ್ನು ‘ಪೀಠಿಕೆ ಬಿಟ್ಟುಬಿಡಿ’ ಎಂಬ ಗುಂಡಿ. ಅದನ್ನು ಕಂಡುಹಿಡಿದವನಿಗೆ ಊಟಕ್ಕೆ ಕೂತಾಗ ಎಲೆಯ ತುದಿಗೆ ಉಪ್ಪು ಬಡಿಸದಿರಲಿ. ‘ಮಾಲ್ಗುಡಿ ಡೇಸ್‌’ನಲ್ಲಿ ಆರ್.ಕೆ. ಲಕ್ಷ್ಮಣರ ರೇಖೆಗಳು ಬಂದು, ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾದರೆ ಬೀದಿಯಲ್ಲಿ ಆಡುತ್ತಿದ್ದ ನಾವು ಚಪ್ಪಲಿ ಬಿಟ್ಟು ಟಿ.ವಿ. ಇದ್ದ ಮನೆಗೆ ಓಡುತ್ತಿದ್ದೆವು. ಅದು ಬರೀ ಹೆಸರು ತೋರಿಸುವ ಹೊತ್ತಲ್ಲ, ಚಿತ್ರೀಕರಣ ನಡೆದ ಆಗುಂಬೆ ಮಾಲ್ಗುಡಿಯಾಗಿ ಬದಲಾಗುವ ಹೊತ್ತು. ನೀವು ಎಂಟು ಸಲವೂ ಅದನ್ನು ದಾಟಿಸಿರುತ್ತೀರಿ. ಕೊನೆಗೆ ಹೆಸರುಗಳು ಬರುವಾಗಲಂತೂ ಈ ಆ್ಯಪ್‌ಗಳು ಚಿತ್ರವನ್ನು ಒಂದು ಮೂಲೆಗೆ ಮುದುಡಿಸಿ ಮುಂದಿನದ್ದನ್ನು ತಾವೇ ಶುರುಮಾಡುತ್ತವೆ. ಕೈತೊಳೆಯುವ ಮೊದಲೇ ಎಲೆ ಎತ್ತಿದ ಹಾಗೆ.

ನಮ್ಮಮ್ಮ ತೊಂಬತ್ತರ ದಶಕದ ಕೊನೆಯಲ್ಲಿ ಟಿ.ಎನ್. ಸೀತಾರಾಮ್ ತಂಡದ ‘ಮಾಯಾಮೃಗ’ ನೋಡುತ್ತಿದ್ದಳು. ದಿನಕ್ಕೆ ಒಂದೇ ಕಂತು. ಅದು ಮುಗಿದ ಮೇಲೆ ಹಿತ್ತಿಲ ಕಾಂಪೌಂಡಿನ ಹತ್ತಿರ ಪಕ್ಕದ ಮನೆಯಾಕೆಯೊಂದಿಗೆ ಅರ್ಧ ಗಂಟೆ ವಾದ: ಆ ಹುಡುಗಿ ಮಾಡಿದ್ದು ಸರಿಯೋ ತಪ್ಪೋ. ಕರೆಂಟು ಹೋದ ದಿನ ಏನಾಗಿರಬಹುದೆಂದು ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದರು, ಕೆಲವೊಮ್ಮೆ ಧಾರಾವಾಹಿಗಿಂತ ಚೆನ್ನಾಗಿ. ನನ್ನ ತಂಗಿಯ ಮಗ ಮೊನ್ನೆ ಹತ್ತು ಕಂತಿನ ಸರಣಿಯೊಂದನ್ನು ಒಂದೇ ರಾತ್ರಿ ಮುಗಿಸಿದ. ನಾಯಕಿಯ ಹೆಸರೇನೆಂದು ಬೆಳಗ್ಗೆ ಕೇಳಿದೆ. ತಲೆ ಕೆರೆದುಕೊಂಡ.

ನಿಮಗೊಂದು ಕೆಲಸ ಕೊಡುತ್ತೇನೆ. 1974ರ ‘ಭೂತಯ್ಯನ ಮಗ ಅಯ್ಯು’ ಹುಡುಕಿ, ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯವನ್ನಷ್ಟೇ ನೋಡಿ. ಮೊದಲು ನಿಮ್ಮ ವೇಗದಲ್ಲಿ, ಆಮೇಲೆ ಅವರ ವೇಗದಲ್ಲಿ. ಯಾವ ಸಲ ಬಾಯಲ್ಲಿ ನೀರೂರಿತೆಂದು ಬರೆದು ತಿಳಿಸಿ. ಬರೆಯುವಾಗಲೂ ಸ್ವಲ್ಪ ಸಾವಕಾಶ ಇರಲಿ. ಈ ಪತ್ರದಲ್ಲಿ ಏಳು ಕಡೆ ಒತ್ತಕ್ಷರ ನುಂಗಿದ್ದೀರಿ, ಕರಡು ತಿದ್ದುವವರು ಬೆಳಗಿನಿಂದ ಗೊಣಗುತ್ತಿದ್ದಾರೆ.

-ಸಂ.