ಸರ್ಕ್ಯೂಟ್ ಬೋರ್ಡಿನ ಮೇಲಿಟ್ಟ ಹೂವು ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ನೀವು ಹಾಸನದವರು, ಹಳೇ ರೇಡಿಯೋ ಬೋರ್ಡಿನ ಮೇಲೆ ಹೂವು, ಹುಳು ಇಟ್ಟು ಮ್ಯಾಕ್ರೋ ಫೋಟೋ, ಅಂದರೆ ತೀರಾ ಹತ್ತಿರದ ಫೋಟೋ ತೆಗೆಯುತ್ತಿದ್ದೀರಿ. ಎಲ್ಲವೂ ಅಂಟಿಸಿದ ಹಾಗೆ ಕಾಣುತ್ತದೆ ಅಂದಿದ್ದೀರಿ. ಇರುವ 50 ಎಂಎಂ ಲೆನ್ಸ್ ಸಾಕಾ ಅಂತಲೂ ಕೇಳಿದ್ದೀರಿ.

ಲೆನ್ಸ್ ಸಾಕು. ಅದರ ಮುಂದೆ ಬರೆದಿರುವ ಫಿಲ್ಟರ್ ಅಳತೆ ನೋಡಿ, ಅದೇ ಅಳತೆಯ ರಿವರ್ಸ್ ರಿಂಗ್ ತಂದು, ಲೆನ್ಸನ್ನು ಹಿಂದುಮುಂದಾಗಿ ಹಾಕಿ. ಆಟೋಫೋಕಸ್ ಇರುವುದಿಲ್ಲ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಹಿಗ್ಗಿಸಿ ಕುಗ್ಗಿಸುವ ರಿಂಗ್ ಲೆನ್ಸಿನ ಮೇಲೇ ಇರುವ ಹಳೇ ಲೆನ್ಸ್ ಸಿಕ್ಕರೆ ಕೆಲಸ ಸುಲಭ.

ಇನ್ನು ಅಂಟಿಸಿದ ಹಾಗೆ ಕಾಣುವ ವಿಷಯ. ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ನಾನೂ ಮೊದಲು ಬೋರ್ಡಿನ ಐಸಿ (ಕಪ್ಪು ಚಿಪ್) ಮೇಲೆ ಹೂವಿಟ್ಟು ನೂರಾರು ಫೋಟೋ ತೆಗೆದೆ. ಒಂದೂ ಹಿಡಿಸಲಿಲ್ಲ. ಕಾರಣ ಗೊತ್ತಾಗಿದ್ದು ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮನೆಯಲ್ಲಿ. ಹಣ್ಣು ಕುಯ್ಲು ಮುಗಿದು ಪಲ್ಪರ್ ಸುಮ್ನೆ ನಿಂತಿತ್ತು. ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆ ಬಂತು, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಯಿತು. ಪಕ್ಕದ ಗಿಡದ ಒಂದು ಹೂವು ಹಾರಿಬಂದು ಪಲ್ಪರ್ ಉರುಳೆಯ ತಾಮ್ರದ ತಗಡಿನ ಮೇಲೆ, ಎರಡು ಉಬ್ಬುಗಳ ನಡುವೆ ಸಿಕ್ಕಿಕೊಂಡಿತ್ತು. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರುತ್ತಿತ್ತು. ಎಸಳಿನ ಅಡಿಭಾಗಕ್ಕೆ ತಾಮ್ರದ ಕೆಂಪು ಬಣ್ಣ ಹತ್ತಿತ್ತು, ತಗಡಿನ ಮೇಲೆ ಎಸಳಿನ ನೆರಳು ಬಿದ್ದಿತ್ತು. ಇಷ್ಟೇ ವಿಷಯ. ಒಂದರ ಬಣ್ಣ, ನೆರಳು ಇನ್ನೊಂದರ ಮೇಲೆ ಬಿದ್ದರೆ ಎರಡೂ ಒಂದೇ ಜಾಗದ್ದು ಅಂತ ಕಣ್ಣು ಒಪ್ಪಿಕೊಳ್ಳುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ನೇರವಾಗಿ ಹೊಡೆದರೆ ಆ ನೆರಳೇ ಕಾಣದೆ ಹೋಗುತ್ತದೆ, ಬೆಸುಗೆಯ ಚುಕ್ಕಿಗಳು ಕಣ್ಣಿಗೆ ಹೊಡೆಯುತ್ತವೆ. ಫ್ಲ್ಯಾಶ್ ಬೇಕೇಬೇಕು ಅಂದರೆ ಪಕ್ಕಕ್ಕಿಟ್ಟು, ಮುಂದೆ ಟ್ರೇಸಿಂಗ್ ಪೇಪರ್ ಹಿಡಿಯಿರಿ. ನನ್ನ ಮಟ್ಟಿಗೆ ಕಿಟಕಿಯಿಂದ ಒಂದೇ ಕಡೆ ಬರುವ ಮಳೆಗಾಲದ ಮೋಡದ ಬೆಳಕಿಗಿಂತ ಒಳ್ಳೆಯದು ಯಾವುದೂ ಇಲ್ಲ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಹುಲ್ಲಿನ ತುದಿಯ ಇಬ್ಬನಿ ಹನಿಯ ಹಿಂದೆ, ಮೂರು ನಾಲ್ಕು ಇಂಚು ದೂರದಲ್ಲಿ, ಬೋರ್ಡನ್ನು ತಲೆಕೆಳಗಾಗಿ ನಿಲ್ಲಿಸಿ. ಹನಿ ತಾನೇ ಒಂದು ಲೆನ್ಸು. ಹಿಂದಿರುವುದನ್ನು ತಿರುಗಿಸಿ ತೋರಿಸುತ್ತದೆ, ಹಾಗಾಗಿ ಒಳಗೆ ಬೋರ್ಡು ನೆಟ್ಟಗೆ, ಪುಟ್ಟ ಊರಿನ ಹಾಗೆ ಕಾಣುತ್ತದೆ. ಫೋಕಸ್ ಹನಿಯ ಅಂಚಿಗಲ್ಲ, ಒಳಗಿನ ಚಿತ್ರಕ್ಕೆ. ಇಬ್ಬನಿ ಬೇಗ ಆರುತ್ತದೆ ಅಂದರೆ ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಹನಿ ಹಾಕಿ.

ವಸ್ತುವಿನಷ್ಟೇ ದೊಡ್ಡ ಚಿತ್ರ ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಅಪರ್ಚರ್ ಎಫ್ 8ಕ್ಕೆ ಇಟ್ಟರೂ ಸ್ಪಷ್ಟವಾಗಿ ಕಾಣುವುದು ಸುಮಾರು 1 ಮಿಲಿಮೀಟರ್ ಆಳ ಮಾತ್ರ. ಚಗಳಿ ಇರುವೆಯ ಕಣ್ಣು ಸಿಕ್ಕರೆ ಹಿಂಗಾಲು ಸಿಗುವುದಿಲ್ಲ. ಕಿಂಡಿಯನ್ನು ಇನ್ನೂ ಚಿಕ್ಕದು ಮಾಡಿ ಎಫ್ 22ಕ್ಕೆ ಹೋದರೆ ಆಳ ಜಾಸ್ತಿ, ಆದರೆ ಇಡೀ ಫೋಟೋ ಸ್ವಲ್ಪ ಮಸುಕಾಗುತ್ತದೆ. ಅಲುಗದ ವಸ್ತುವಾದರೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹದಿನೈದು ಇಪ್ಪತ್ತು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಬಹುದು. ಕ್ಯಾಮೆರಾ ಅಡಿಗೆ ನಾನು ಅಕ್ಕಿ ತುಂಬಿದ ಬಟ್ಟೆ ಚೀಲ ಇಡುತ್ತೇನೆ.

ಒಂದು ವಿಷಯದಲ್ಲಿ ನಾನು ಗಟ್ಟಿ. ಹುಳುವನ್ನು ಅಂಟಿಸಬೇಡಿ, ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಬೇಡಿ. ಬೋರ್ಡನ್ನು ಚಗಳಿ ಓಡಾಡುವ ಕೊಂಬೆಗೆ ಒರಗಿಸಿ ಕಾಯಿರಿ. ಅವು ಹತ್ತಿಯೇ ಹತ್ತುತ್ತವೆ, ಅರ್ಧ ಗಂಟೆ ಬೇಕಾಗಬಹುದು ಅಷ್ಟೇ. ಆದರೆ ಹಳೇ ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಳೆಯಲ್ಲಿ ತೋಟದಲ್ಲೇ ಬಿಟ್ಟು ಬರಬೇಡಿ. ಪಿಕ್ಚರ್ ಟ್ಯೂಬಿನ ಟಿವಿಯನ್ನಂತೂ ನೀವೇ ಬಿಚ್ಚಬೇಡಿ, ಸ್ವಿಚ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ಮೊದಲು ಈಗಿರುವ ಬೋರ್ಡನ್ನೇ ಕಿಟಕಿ ಪಕ್ಕ ಇಟ್ಟು, ಬೆಳಕು ಒಂದೇ ಕಡೆಯಿಂದ ಬರುವ ಹಾಗೆ ಮಾಡಿ, ಅದೇ ಹೂವನ್ನು ಇನ್ನೊಮ್ಮೆ ತೆಗೆಯಿರಿ. ಹಳೇ ಫೋಟೋ, ಹೊಸ ಫೋಟೋ ಎರಡನ್ನೂ ಇಲ್ಲಿ ಹಾಕಿ, ನೋಡುತ್ತೇನೆ.