ಕೊಡಗಿನ ತೋಟದಲ್ಲೇ ಸೈಟ್ ಸ್ಪೆಸಿಫಿಕ್ ಆರ್ಟ್ ಮಾಡಬಹುದಾ?

ನಾನೂ ಪೊನ್ನಂಪೇಟೆ ಕಡೆಯವಳು, ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ನೀವು ಕೇಳಿರೋದು ಎರಡು: ಸೈಟ್ ಸ್ಪೆಸಿಫಿಕ್ ಆರ್ಟ್, ಅಂದ್ರೆ ಒಂದು ಜಾಗಕ್ಕಾಗಿಯೇ ಮಾಡುವ ಕಲೆ, ಊರಲ್ಲೇ ಮಾಡಬಹುದಾ, ಕಾಲೇಜಿಗೆ ಬರೀ ಫೋಟೋ ಕೊಟ್ಟರೆ ಅದು ಕಲಾಕೃತಿ ಆಗುತ್ತಾ? ಎರಡಕ್ಕೂ ಹೌದು. ಆದರೆ ಫೋಟೋದ ಯೋಚನೆ ಕೆಲಸ ಮುಗಿದ ಮೇಲಲ್ಲ, ಶುರುವಿನಲ್ಲೇ ಇರಬೇಕು.

ಬ್ರಿಟಿಷ್ ಕಲಾವಿದ ರಿಚರ್ಡ್ ಲಾಂಗ್ 1967ರಲ್ಲಿ ಇನ್ನೂ ವಿದ್ಯಾರ್ಥಿ. ಇಂಗ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ಹೋದ ದಾರಿಯಲ್ಲೇ ಹೋಗಿ ಬಂದು ಮಾಡುತ್ತಾ ನಡೆದರು. ಹುಲ್ಲು ಮಲಗಿ, ಬಿಸಿಲು ಬಿದ್ದು, ಒಂದು ಗೆರೆ ಕಾಣಿಸಿತು. ಅದರ ಫೋಟೋ ತೆಗೆದರು, ಅಷ್ಟೇ. ಹುಲ್ಲು ಮತ್ತೆ ಎದ್ದು ನಿಂತಿರುತ್ತೆ ಅಲ್ವಾ? ನಮಗೆ ಉಳಿದಿರೋದು ಆ ಫೋಟೋ. ರಾಬರ್ಟ್ ಸ್ಮಿತ್‌ಸನ್ ಅನ್ನೋ ಕಲಾವಿದ 1970ರಲ್ಲಿ ಅಮೆರಿಕದ ಯೂಟಾದಲ್ಲಿ ಉಪ್ಪುನೀರಿನ ಸರೋವರದೊಳಗೆ ಕಪ್ಪು ಕಲ್ಲಿನಿಂದ ಸುರುಳಿ ದಾರಿ ಕಟ್ಟಿಸಿದರು. ಕೆಲವೇ ವರ್ಷಗಳಲ್ಲಿ ನೀರು ಏರಿ ಅದು ಮುಳುಗಿತು, ಸುಮಾರು ಮೂರು ದಶಕ ಹೆಚ್ಚಾಗಿ ನೀರಿನಡಿಯಲ್ಲೇ ಇತ್ತು. ಅಷ್ಟು ವರ್ಷ ಜನ ಅದನ್ನ ನೋಡಿದ್ದು ಫೋಟೋ, ಫಿಲ್ಮ್‌ಗಳಲ್ಲಿ. ನಮ್ಮ ಜುಲೈ ಮಳೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತೆ.

ನಾನು ಮಾಡಿದ್ದು ನಮ್ಮ ಕಾಫಿ ಕಣದಲ್ಲಿ. ಜನವರಿ, ರೊಬಸ್ಟಾ ಒಣಗುವ ಕಾಲ. ಹಣ್ಣು ಬೂಸ್ಟು ಹಿಡಿಯಬಾರದು ಅಂತ ಉದ್ದ ಹಿಡಿಯ ಮರದ ಹಲಗೆಯಿಂದ ದಿನಾ ಎಳೆಯುತ್ತಾ ಇರಬೇಕು. ಆಗ ಕಣದ ತುಂಬ ಸಾಲು ಬೀಳುತ್ತೆ. ಬೆಳಗ್ಗೆ ಉದ್ದಕ್ಕೆ, ಮಧ್ಯಾಹ್ನ ಅಡ್ಡಕ್ಕೆ. ನೆತ್ತಿ ಮೇಲೆ ಬಿಸಿಲಿದ್ದಾಗ ಸಾಲು ಕಾಣೋದೇ ಇಲ್ಲ, ಎಲ್ಲಾ ಒಂದೇ ಕೆಂಪು. ಐದು ಗಂಟೆ ಹೊತ್ತಿಗೆ ಒಂದೊಂದು ಸಾಲಿಗೂ ನೆರಳು ಬಂದು ಕಣ ಉತ್ತ ಗದ್ದೆಯಂತೆ ಕಾಣುತ್ತೆ. ಕೆಂಪು ಕಂದಾಗಿ, ಕಂದು ಕಪ್ಪಾಗಿ, ಕೈಯಲ್ಲಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವವರೆಗೆ ಗೋಡೌನಿನ ಅಟ್ಟದ ಒಂದೇ ಕಿಟಕಿಯಿಂದ ಫೋಟೋ ತೆಗೆದೆ. ನನ್ನದು ಅಂತ ಅಲ್ಲಿ ಏನೂ ಇಡಲಿಲ್ಲ. ಗೆರೆ ಎಳೆದದ್ದು ಕೆಲಸದ ಅಕ್ಕ. ಅವರನ್ನು ಕೇಳಿ, ಫೋಟೋ ಕೆಳಗೆ ಅವರ ಹೆಸರನ್ನೂ ಹಾಕಿದೆ. ಪ್ರಿಂಟ್‌ಗಳನ್ನ ಮೊದಲು ತೋರಿಸಿದ್ದೂ ಕಣದಲ್ಲೇ, ಅವರಿಗೆಲ್ಲ.

ಜಾಗದವರನ್ನ ಕೇಳೋದು ಸುಮ್ನೆ ಮರ್ಯಾದೆಗೆ ಅಲ್ಲ, ಅದೂ ಕೆಲಸದ ಭಾಗ. ನ್ಯೂಯಾರ್ಕಿನ ಒಂದು ಕಚೇರಿ ಚೌಕದಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ನಿಲ್ಲಿಸಿದ ಉಕ್ಕಿನ ಗೋಡೆಯನ್ನ ಅಲ್ಲಿ ಓಡಾಡುವ ಹಲವರು ಒಪ್ಪಲಿಲ್ಲ, ದೊಡ್ಡ ಜಗಳವಾಗಿ 1989ರಲ್ಲಿ ತೆಗೆದುಹಾಕಿದರು. ನೀವು ದೇವರಕಾಡಿನಲ್ಲಿ ಮಾಡುವ ಆಸೆ ಬರೆದಿದ್ದೀರಿ. ತಕ್ಕರನ್ನ, ಅಂದ್ರೆ ಊರು-ದೇವಸ್ಥಾನದ ಮುಖ್ಯಸ್ಥರನ್ನ, ಕೇಳದೆ ಕ್ಯಾಮೆರಾ ಕೂಡ ತೆಗೆಯಬೇಡಿ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳನ್ನ ನೋಡಿರಬೇಕು. ಮಳೆಗೆ ನೆನೆದು, ಪಾಚಿ ಹಿಡಿದು ಅಲ್ಲೇ ಇರುತ್ತವೆ. ಆ ಜಾಗಕ್ಕಾಗಿಯೇ ಮಾಡಿದ್ದು ಅಲ್ಲಿ ಆಗಲೇ ಇದೆ, ನಮ್ಮದನ್ನ ಪಕ್ಕದಲ್ಲಿ ಇಡೋದು ನನಗೆ ಸರಿ ಕಾಣಲ್ಲ. ನಿಮ್ಮ ಮನೆಯ ಪಾಳು ಬಿದ್ದ ಗದ್ದೆಯಿಂದ ಶುರು ಮಾಡಿ ಅಂತೀನಿ.

ಕ್ಯಾಮೆರಾಕ್ಕೆ ಸಾಲ ಮಾಡಬೇಡಿ, ಫೋನ್ ಸಾಕು. ಟ್ರೈಪಾಡ್ ಮಾತ್ರ ಬೇಕೇ ಬೇಕು. ಅದರ ಕಾಲು ನಿಂತ ಜಾಗದಲ್ಲಿ ಗೂಟ ಹೊಡೆದಿಡಿ, ಮಾರನೇ ದಿನ ಅದೇ ಕೋನ ಸಿಗುತ್ತೆ.